ಅಡಿಕೆಗೆ ಕತ್ತಿ ಅದ್ದಿ ನೋಡುವವ ಮೀನಿಗೆ ನೋಡಲಿಲ್ಲ

ತುಳಸಿ ಪೂಜೆ ಕಳೆಯಿತು, ಬೆಳಗಿನ ಜಾವ ಚೂರು ಚಳಿ ಸುರುವಾಗಿದೆ. ಮೊನ್ನೆ ಪುಂಜಾಲಕಟ್ಟೆ ಕಡೆಯ ಒಬ್ಬರು ಫೋನ್ ಮಾಡಿ, "ಕೋರೆಯಲ್ಲಿ ಬಿಟ್ಟ ಮೀನಿನ ಮೈಮೇಲೆ ಕೆಂಪು ಕೆಂಪು ಗಾಯ ಕಾಣ್ತಾ ಉಂಟು, ಎಂತ ಹಾಕುವುದು?" ಎಂದು ಕೇಳಿದರು. ಕಳೆದ ಡಿಸೆಂಬರಿನಲ್ಲಿ ನನಗೆ ಆದದ್ದನ್ನು ಆಗಲೇ ಬರೆಯಬೇಕಿತ್ತು. ಬರೆಯಲಿಲ್ಲ. ಸತ್ಯ ಹೇಳುವುದಾದರೆ ನಾಚಿಕೆ. ಕರಿಮೆಣಸು ಕಸಿ ಕಟ್ಟಿದ್ದು, ಬಾಳೆ ಗೊನೆ ತೂಗಿದ್ದು ಎಲ್ಲ ಫೋಟೋ ಹಾಕಿ ಬರೆದವ ಇದನ್ನು ಮಾತ್ರ ಬರೆಯದೆ ಬಿಟ್ಟದ್ದು ಸರಿಯಲ್ಲ ಅಂತ ಆ ಫೋನ್ ಇಟ್ಟ ಮೇಲೆ ಅನಿಸಿತು. ಹಾಗಾಗಿ ಇವತ್ತು ಉದ್ದ ಬರಹ. ಪುರುಸೊತ್ತು ಇದ್ದಾಗ ಓದಿ.

ನನ್ನ ಜಾಗದ ಮೇಲಿನ ಬದಿಯಲ್ಲಿ ಹಳೆಯ ಮುರಕಲ್ಲಿನ ಕೋರೆ ಉಂಟು. ಸಿದ್ಧಕಟ್ಟೆ ಕಡೆಯಿಂದ ಬಂದವರಿಗೆ ಗೊತ್ತಿರಬಹುದು. ತಂದೆಯವರ ಕಾಲದಲ್ಲಿ ಮನೆಗೆ ಕಲ್ಲು ತೆಗೆದ ಗುಂಡಿ. 12 ಮೀಟರ್ ಉದ್ದ, 10 ಮೀಟರ್ ಅಗಲ, ನೀರು ನಿಲ್ಲುವುದು 2 ಮೀಟರ್. ಅಂದರೆ 2 ಲಕ್ಷದ 40 ಸಾವಿರ ಲೀಟರ್. ಈ ಲೆಕ್ಕ ನಾನು ಮಾಡಿದ್ದು ಎಲ್ಲ ಆದ ಮೇಲೆ. ಮದ್ದು ಹಾಕುವಾಗ ಲೆಕ್ಕ ಬರೀ ಕಣ್ಣಂದಾಜಿನದ್ದು.

ಅದರಲ್ಲಿ ಜುಲೈ ಹೊತ್ತಿಗೆ ಕಾಟ್ಲಾ, ರೋಹು, ಮೃಗಾಲ್ ಸೇರಿಸಿ 300 ಮರಿ ಬಿಟ್ಟೆವು. ಬಿಟ್ಟೆವು ಅಂದದ್ದು ಯಾಕೆಂದರೆ ಕೋರೆಯ ಒಂದು ಬದಿ ನಮ್ಮ ಆಚೆಮನೆ ಅಕ್ಕನ ಜಾಗಕ್ಕೆ ಸೇರುತ್ತದೆ. ಅಕ್ಕನಿಗೆ ಅರುವತ್ತು ದಾಟಿತು. ಬೀಡಿ ಕಟ್ಟಿಯೇ ಎರಡು ಮಕ್ಕಳನ್ನು ದಡ ಹತ್ತಿಸಿದವರು. ಆ ವರ್ಷ ಬೀಡಿಯ ಬೋನಸ್ ಮತ್ತು ಉಳಿಕೆ ಸೇರಿಸಿ 6,000 ರೂಪಾಯಿ ತಂದು ಕೊಟ್ಟು, "ಹಿಂಡಿಗೆ, ತವುಡಿಗೆ ಇದು ನನ್ನ ಪಾಲು. ಬಿಸು ಹೊತ್ತಿಗೆ ಮಾರುವ. ಪುಳ್ಳಿಯ ಕಾಲೇಜು ಫೀಸಿಗೆ ಆಗ್ತದೆ" ಅಂದರು. ದಿನಾ ಬೆಳಗ್ಗೆ ತವುಡಿನ ಉಂಡೆ ಹಾಕುವ ಕೆಲಸವೂ ಅವರದ್ದೇ. ಮೀನುಗಳಿಗೆ ಅವರ ಬಳೆಯ ಸದ್ದು ಗೊತ್ತಿತ್ತು. ನಾನು ಹೋದರೆ ಕೆಳಗೆ ಹೋಗುತ್ತಿದ್ದವು.

120 ಚದರ ಮೀಟರಿಗೆ 300 ಮರಿ ಜಾಸ್ತಿಯೇ. ಆಸೆ, ಎಂತ ಮಾಡುವುದು.

ಜುಲೈ ಕೊನೆಗೆ ದೊಡ್ಡ ಮಳೆಗೆ ತೋಡಿನ ನೀರು ಒಮ್ಮೆ ಕೋರೆಗೆ ನುಗ್ಗಿತ್ತು. ನೀರಿನೊಟ್ಟಿಗೆ ನಾಲ್ಕೈದು ಮಡೆಂಜಿಯೂ ಒಳಗೆ ಬಂತು. ಬಿಟ್ಟಿ ಮೀನು ಸಿಕ್ಕಿತು ಅಂತ ನಾವು ಖುಷಿಪಟ್ಟದ್ದು. ನವೆಂಬರಿನಲ್ಲಿ ಮೀನು ಎಷ್ಟು ಬೆಳೆದಿದೆ ನೋಡುವ ಅಂತ ಪರಿಚಯದವರಿಂದ ಬಲೆ ತಂದು ಎರಡು ಸಲ ಎಳೆದೆವು. ಬಲೆ ಒಣಗಿಸದೆ, ತೊಳೆಯದೆ, ತಂದ ಹಾಗೆಯೇ ಇಳಿಸಿದ್ದು. ಕೈಯೂ ಒಣ ಕೈ. ಮೀನಿನ ಮೈಮೇಲಿನ ಲೋಳೆ ಅಂದರೆ ಅದಕ್ಕೆ ಚರ್ಮದ ಮೇಲೆ ಇನ್ನೊಂದು ಚರ್ಮ ಇದ್ದ ಹಾಗೆ. ಒಣ ಕೈಯಲ್ಲಿ ಹಿಡಿದರೆ ಅದು ನಮ್ಮ ಅಂಗೈಗೆ ಬರುತ್ತದೆ, ಒಂದೆರಡು ಹುರುಪೆಯೂ ಬರುತ್ತದೆ. ಆ ಜಾಗ ಮತ್ತೆ ಬಾಗಿಲು ತೆರೆದಿಟ್ಟ ಮನೆ. ರೋಗ ತೋಡಿನ ನೀರಲ್ಲಿ ಬಂತೋ, ಬಲೆಯಲ್ಲಿ ಬಂತೋ, ಈಗ ತೀರ್ಮಾನ ಮಾಡಲಿಕ್ಕೆ ಆಗುವುದಿಲ್ಲ. ಬಲೆ ಕೊಟ್ಟವರದ್ದು ತಪ್ಪಲ್ಲ, ಕೇಳಿ ತಂದವ ನಾನು.

ಡಿಸೆಂಬರ್ ಮೂರನೇ ವಾರ ಮೊದಲು ಕಂಡದ್ದು ಅಕ್ಕನಿಗೆ. ಒಂದು ಮೃಗಾಲ್ ದಡದ ಬದಿಯಲ್ಲಿ ತಲೆ ಮೇಲೆ ಮಾಡಿ ನಿಧಾನ ಈಜುತ್ತಿತ್ತು. ಹೊಟ್ಟೆಯ ಬದಿಯಲ್ಲಿ ಕುಂಕುಮ ಒತ್ತಿದ ಹಾಗೆ ಕೆಂಪು. ನಾಲ್ಕು ದಿನದಲ್ಲಿ ಹತ್ತಾರು ಮೀನಿಗೆ. ಕೆಂಪು ಇದ್ದದ್ದು ಒಡೆದು, ಎಂಟಾಣೆಯಷ್ಟು ಗುಂಡಿ ಬಿದ್ದು, ಒಳಗಿನ ಮಾಂಸ ಕಾಣುವ ಗಾಯ. ಸುತ್ತ ಬೂದು ಹತ್ತಿಯ ಹಾಗೆ. ತೋಡಿನಿಂದ ಬಂದ ಮಡೆಂಜಿಯಲ್ಲಿ ಒಂದರ ಬಾಲದ ಬುಡ ಅರ್ಧ ಕೊಳೆತಿತ್ತು.

ನನ್ನ ಹೆಂಡತಿ ಹೇಳಿದಳು, "ಶಿಶಿಲಕ್ಕೊಂದು ಹರಕೆ ಹೇಳಿ." ನಮ್ಮ ಕಡೆಯವರಿಗೆ ಇದು ವಿವರಿಸುವುದು ಬೇಡ. ಮೈಯಲ್ಲಿ ಕಜ್ಜಿ, ತುರಿಕೆ ಆದರೆ ಶಿಶಿಲದ ದೇವರ ಮೀನಿಗೆ ಅಕ್ಕಿ ಹಾಕುತ್ತೇವೆ ಅಂತ ಹೇಳಿಕೊಳ್ಳುವ ಊರು ನಮ್ಮದು. ಸಣ್ಣದಿರುವಾಗ ನನ್ನ ಕಾಲಿನ ಕಜ್ಜಿಗೆ ಅಮ್ಮ ಕರಕೊಂಡು ಹೋಗಿದ್ದರು. ಕಪಿಲಾ ನದಿಯಲ್ಲಿ ನನ್ನ ತೊಡೆಯಷ್ಟು ದಪ್ಪದ ಪೆರುವೋಳು ಕಂಡು ಕಜ್ಜಿ ಮರೆತೇಹೋಗಿತ್ತು. 1996ರಲ್ಲಿ ಅಲ್ಲಿ ಯಾರೋ ವಿಷ ಹಾಕಿ ಸಾವಿರಾರು ಮೀನು ಸತ್ತದ್ದು ಬೆಳ್ತಂಗಡಿ ಕಡೆಯವರಿಗೆ ಇನ್ನೂ ಮರೆತಿಲ್ಲ. ಆ ಮೀನುಗಳ ನೆನಪಿಗೆ ಅಲ್ಲಿ ಸ್ಮಾರಕ ಕಟ್ಟಿದ್ದಾರೆ. ಮನುಷ್ಯನ ಚರ್ಮರೋಗಕ್ಕೆ ಮೀನಿಗೆ ಹರಕೆ ಸರಿ, ಮೀನಿಗೇ ಚರ್ಮರೋಗ ಬಂದರೆ ಯಾರಿಗೆ ಹೇಳುವುದು ಅಂತ ನಾನು ತಮಾಷೆ ಮಾಡಿದೆ. ಹೆಂಡತಿಗೆ ನಗು ಬರಲಿಲ್ಲ.

ಆಗ ನೆನಪಾದದ್ದು ಅಳಿಯ. ತಂಗಿಯ ಮಗ, ಮೂಡುಬಿದಿರೆಯಲ್ಲಿ ಇರುವವ. ಅವನ ಮನೆಯ ಹಜಾರದಲ್ಲಿ ಉಪ್ಪುನೀರಿನ ಗಾಜಿನ ತೊಟ್ಟಿ ಉಂಟು. 200 ಲೀಟರಿನದ್ದು. ಕಿತ್ತಳೆ ಬಣ್ಣಕ್ಕೆ ಬಿಳಿ ಪಟ್ಟಿಯ ಮೀನು, ಮಕ್ಕಳು ನೀಮೋ ಅನ್ನುತ್ತಾರಲ್ಲ, ಅದು. ಸಮುದ್ರದ ಉಪ್ಪಿನ ಪುಡಿ ಕಲಸಿ, ಅಳತೆಯ ಸಾಧನದಲ್ಲಿ ನೋಡಿ, ಸೆಕೆ ಜಾಸ್ತಿಯಾದರೆ ಫ್ಯಾನ್ ಇಟ್ಟು, ಒಂದು ಹಸುವಿಗೆ ಮಾಡುವಷ್ಟು ಚಾಕರಿ ಎರಡು ಬೆರಳು ಉದ್ದದ ಮೀನಿಗೆ. ನಾನು ನಗುತ್ತಿದ್ದೆ. ಆದರೆ ಮೀನಿನ ಚರ್ಮದ ವಿಷಯದಲ್ಲಿ ಅವನು ನನಗಿಂತ ಎಷ್ಟೋ ಮುಂದೆ.

ಫೋನ್ ಮಾಡಿದೆ. "ಮಾವ, ಫೋಟೋ ಕಳಿಸಿ" ಅಂದ. ನಮ್ಮ ಕೋರೆಯ ಹತ್ತಿರ ನೆಟ್‌ವರ್ಕ್ ಸಿಗುವುದಿಲ್ಲ, ಆಮೇಲೆ ಕಳಿಸ್ತೇನೆ, ನೀನು ನಿನ್ನ ಮೀನಿಗೆ ಎಂತ ಹಾಕ್ತೀ ಹೇಳು ಅಂದೆ. ಅವನು ಹೇಳಿದ: "ನಮ್ಮದಕ್ಕೆ ಬಿಳಿ ಚುಕ್ಕೆ ಬಂದರೆ ತಾಮ್ರದ ಮದ್ದು ಮಾವ. ಲೀಟರಿಗೆ 0.2 ಮಿಲಿಗ್ರಾಂ ತಾಮ್ರ ನಿಲ್ಲಿಸ್ತೇವೆ. ಆದ್ರೆ ಅದು ಬೇರೆ ತೊಟ್ಟಿಯಲ್ಲಿ, ದಿನಾ ಟೆಸ್ಟ್ ಮಾಡಿ…" ಅವನು ಇನ್ನೂ ಹೇಳುತ್ತಿದ್ದ. ತಾಮ್ರ ಅಂದ ಕೂಡಲೇ ನನಗೆ ಕೊಟ್ಟಿಗೆಯ ಅಟ್ಟದಲ್ಲಿ ಇಟ್ಟ ಮೈಲುತುತ್ತು ಕಂಡಿತು. ಆಗಸ್ಟಿನ ಎರಡನೇ ಬೋರ್ಡೋ ಸಿಂಪರಣೆಯಲ್ಲಿ ಉಳಿದದ್ದು, ಕಾಲು ಕಿಲೋ. ಉಳಿದ ಮಾತು ನನ್ನ ಕಿವಿಗೆ ಹೋಗಲಿಲ್ಲ. ಹುಡುಗನ ಮೇಲೆ ತಪ್ಪು ಹೊರಿಸಲಿಕ್ಕೆ ಇಲ್ಲ. ಅವನು ಪೂರ್ತಿ ಹೇಳಿದ, ನಾನು ಅರ್ಧ ಕೇಳಿದೆ.

ಸಂಜೆ ಬಕೆಟಿನಲ್ಲಿ ಕರಗಿಸಿ ಕೋರೆಗೆ ನಾಲ್ಕೂ ಬದಿ ಎರಚಿದೆ. ಅಕ್ಕ ಆ ಹೊತ್ತಿಗೆ ಬೀಡಿ ಕೊಡಲಿಕ್ಕೆ ಬ್ರಾಂಚಿಗೆ ಹೋಗಿದ್ದರು. ಬಂದ ಮೇಲೆ ಹೇಳಿದರಾಯಿತು ಅಂತ ಇದ್ದವ, ಹಾಲು ಕರೆಯುವ ಗಡಿಬಿಡಿಯಲ್ಲಿ ಹೇಳಲೂ ಇಲ್ಲ.

ಬೆಳಗ್ಗೆ ಆರು ಗಂಟೆಗೆ ಅಕ್ಕ ಕೂಗಿದ್ದು ಕೇಳಿತು. ಓಡಿ ಹೋದೆ. ಕೋರೆಯ ತುಂಬ ಮೀನು ಬಾಯಿ ಮೇಲೆ ಮಾಡಿ ಗಾಳಿ ನುಂಗುತ್ತಾ ಇದ್ದವು. ದಡಕ್ಕೆ ಸುಮಾರು ಬಿಳಿ ಹೊಟ್ಟೆ ಮೇಲಾಗಿ ಬಂದು ನಿಂತಿದ್ದವು. ನೀರಿನ ಹಸುರು ಬಣ್ಣ ಮಾಸಿ ಚಾ ಕಣ್ಣೀರಿನ ಹಾಗೆ ಆಗಿತ್ತು. ಸತ್ತದ್ದರಲ್ಲಿ ಗಾಯ ಇದ್ದವು ಕಡಿಮೆ. ಗಾಯ ಇಲ್ಲದ, ಒಳ್ಳೆ ಮೈ ಇದ್ದ ಕಾಟ್ಲಾಗಳೇ ಜಾಸ್ತಿ. ಪಂಪು ಹಾಕಿ ಕೊಳವೆಬಾವಿಯ ನೀರು ಮೇಲಿನಿಂದ ಬೀಳುವ ಹಾಗೆ ಬಿಟ್ಟೆ. ಮಧ್ಯಾಹ್ನದೊಳಗೆ ಹೆಕ್ಕಿದ್ದು 112. ಹತ್ತಿರ ಹತ್ತಿರ 35 ಕಿಲೋ.

ರಾತ್ರಿ ಎಂತ ಹಾಕಿದೆ ಅಂತ ಹೇಳಿದೆ. ಅಕ್ಕ ಬೈಯಲಿಲ್ಲ. "ಒಂದು ಮಾತು ಕೇಳಬಹುದಿತ್ತಲ್ಲ ತಮ್ಮಾ, ನಾನು ಎಂತ ಬೇಡ ಅನ್ನುತ್ತಿದ್ದೆನಾ?" ಅಂತ ತುಳುವಿನಲ್ಲಿ ಹೇಳಿ ತವುಡಿನ ಪಾತ್ರೆ ತೆಗೆದುಕೊಂಡು ಹೋದರು. ಮತ್ತೆ ಎರಡು ತಿಂಗಳು ಅವರು ಕೋರೆಯ ಬದಿಗೆ ಬರಲಿಲ್ಲ. ತವುಡು ಪುಳ್ಳಿಯ ಕೈಯಲ್ಲಿ ಕಳಿಸುತ್ತಿದ್ದರು, ಅದು ಮಾತ್ರ ಒಂದು ದಿನವೂ ತಪ್ಪಲಿಲ್ಲ.

ಸತ್ತ ಮೀನನ್ನು ತೋಡಿಗೆ ಎಸೆಯಬೇಡಿ. ತಿನ್ನಲೂ ಬೇಡಿ, ಮಾರಲೂ ಬೇಡಿ. ಹಲಸಿನ ಮರದ ಆಚೆ, ನೀರು ಹರಿಯದ ಕಡೆ ಆಳ ಗುಂಡಿ ತೆಗೆದು ಸುಣ್ಣ ಹಾಕಿ ಮುಚ್ಚಿದೆ. ಮೇಲಿನಿಂದ ಕಲ್ಲು ಇಡದಿದ್ದರೆ ನರಿ ತೋಡುತ್ತದೆ.

ಮರುದಿನ ಜೀವ ಇದ್ದ ಎರಡು ಗಾಯದ ಮೀನನ್ನು ನೀರು ತುಂಬಿಸಿದ ಪ್ಲಾಸ್ಟಿಕ್ ಚೀಲದಲ್ಲಿ, ಕೋರೆಯ ನೀರನ್ನು ಬೇರೆ ಬಾಟಲಿಯಲ್ಲಿ ತೆಗೆದುಕೊಂಡು ಮಂಗಳೂರಿನ ಮೀನುಗಾರಿಕಾ ಕಾಲೇಜಿಗೆ ಹೋದೆ. 1969ರಲ್ಲಿ ಸುರುವಾದ ಕಾಲೇಜು. ನಮ್ಮ ಜಿಲ್ಲೆಯಲ್ಲೇ ಇದ್ದೂ ನಮ್ಮಲ್ಲಿ ಎಷ್ಟು ಜನ ಅದರ ಗೇಟು ದಾಟಿದ್ದೇವೆ ಹೇಳಿ. ಮೀನು ಕೊಂಡುಹೋಗುವುದಾದರೆ ಜೀವದಲ್ಲಿ ಕೊಂಡುಹೋಗಿ, ಅದಾಗದಿದ್ದರೆ ಐಸಿನ ಮೇಲೆ ಇಟ್ಟು ಅವತ್ತೇ ಮುಟ್ಟಿಸಿ. ಫ್ರೀಜರಿನಲ್ಲಿ ಕಲ್ಲು ಮಾಡಿ ಕೊಟ್ಟರೆ ನೋಡಲಿಕ್ಕೆ ಆಗುವುದಿಲ್ಲ.

ಅಲ್ಲಿ ಹೇಳಿದ ಹೆಸರು ಉದ್ದ ಉಂಟು, ಎಪಿಝೂಟಿಕ್ ಅಲ್ಸರೇಟಿವ್ ಸಿಂಡ್ರೋಮ್. ಚಿಕ್ಕದಾಗಿ ಇಯುಎಸ್. ಹುಣ್ಣು ರೋಗ ಅಂದರೆ ಸಾಕು. 1971ರಲ್ಲಿ ಜಪಾನಿನಲ್ಲಿ ಮೊದಲು ಕಂಡದ್ದು, ಮರುವರ್ಷ ಆಸ್ಟ್ರೇಲಿಯಾ, 1988ರಲ್ಲಿ ಈಶಾನ್ಯ ರಾಜ್ಯಗಳ ಮೂಲಕ ಭಾರತ. ಮತ್ತೆ ಇಡೀ ದೇಶಕ್ಕೆ ಹಬ್ಬಿತು. ಮಡೆಂಜಿ, ಮುಗುಡು, ಕಿಜನ್, ಮೃಗಾಲ್, ರೋಹು, ಕಾಟ್ಲಾ ಎಲ್ಲಕ್ಕೂ ಬರುತ್ತದೆ. ಕಾಮನ್ ಕಾರ್ಪ್, ತಿಲಾಪಿಯಾ ಸುಮಾರಾಗಿ ತಡೆದುಕೊಳ್ಳುತ್ತವೆ. ಮಳೆಗಾಲ ಮುಗಿದು ನೀರು ತಣ್ಣಗಾಗುವಾಗ ಇದರ ಸುಗ್ಗಿ.

ಇದನ್ನು ತರುವ ಜೀವಿಯ ಹೆಸರು ಅಫನೊಮೈಸಿಸ್. ಇಲ್ಲಿ ನಾನು ಕುರ್ಚಿಯಿಂದ ಎದ್ದು ನಿಂತದ್ದೇ ಬಾಕಿ. ನಮ್ಮ ಅಡಿಕೆಯ ಕೊಳೆರೋಗ ತರುವ ಫೈಟಾಫ್ತೊರಾ ಉಂಟಲ್ಲ, ಅದೂ ಇದೂ ಒಂದೇ ಗುಂಪಿನ ದಾಯಾದಿಗಳು. ಎರಡನ್ನೂ ನಾವು ಶಿಲೀಂಧ್ರ ಅಂತ ಕರೆದರೂ ನಿಜವಾದ ಶಿಲೀಂಧ್ರ ಅಲ್ಲ, ನೀರಿನ ಬೂಷ್ಟು. ಎರಡರ ಬೀಜಕಣಕ್ಕೂ ಬಾಲ ಉಂಟು, ನೀರಿನಲ್ಲಿ ಈಜುತ್ತದೆ. ಒಂದು ಅಡಿಕೆಕಾಯಿಯ ಮೇಲಿನ ಮಳೆನೀರಿನ ಪಸೆಯಲ್ಲಿ ಈಜಿ ಕಾಯಿಯ ಒಳಗೆ ಹೋಗುತ್ತದೆ, ಇನ್ನೊಂದು ಕೋರೆಯಲ್ಲಿ ಈಜಿ ಮೀನಿನ ಸುಲಿದ ಚರ್ಮದಿಂದ ಮಾಂಸಕ್ಕೆ ಇಳಿಯುತ್ತದೆ. ನೂರು ವರ್ಷಕ್ಕೂ ಹಿಂದೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅನ್ನುವವರು ಕೊಳೆರೋಗದ ಬೆನ್ನು ಹತ್ತಿ ಬೋರ್ಡೋ ಸಿಂಪರಣೆಯನ್ನು ರೈತರಿಗೆ ಕಲಿಸಿದರು, ಇವತ್ತಿಗೂ ಅದೇ ನಮ್ಮ ಕೈಹಿಡಿಯುವುದು. ಹಾಗಾದರೆ ದಾಯಾದಿಗೂ ಅದೇ ತಾಮ್ರ ಆಗಬೇಕಿತ್ತಲ್ಲ, ನಾನು ಹಾಕಿದ್ದು ಯಾಕೆ ತಪ್ಪಾಯಿತು ಅಂತ ಕೇಳಿದೆ.

ಅವರು ಬಾಟಲಿಯ ನೀರನ್ನು ಪರೀಕ್ಷೆ ಮಾಡಿ ತೋರಿಸಿದರು. ಪಿಎಚ್ 6ಕ್ಕಿಂತ ಕೆಳಗೆ. ಕ್ಷಾರತೆ ಲೀಟರಿಗೆ 14 ಮಿಲಿಗ್ರಾಂ. ಮುರಕಲ್ಲಿನ ಗುಂಡಿ, ಮಳೆಯ ನೀರು, ಸುಣ್ಣದ ಅಂಶವೇ ಇಲ್ಲ. ಕೆರೆಗೆ ಮೈಲುತುತ್ತು ಹಾಕುವುದಕ್ಕೆ ಒಂದು ಲೆಕ್ಕ ಉಂಟಂತೆ: ಕ್ಷಾರತೆಯನ್ನು 100ರಿಂದ ಭಾಗಿಸಿದರೆ ಬರುವಷ್ಟು ಮಿಲಿಗ್ರಾಂ ಒಂದು ಲೀಟರಿಗೆ. ಕ್ಷಾರತೆ 50ಕ್ಕಿಂತ ಕಡಿಮೆ ಇದ್ದರೆ ಹಾಕಲೇಬಾರದು. ನನ್ನ ನೀರಿಗೆ ಬರುವುದು 0.14. ನಾನು ಹಾಕಿದ್ದು 250 ಗ್ರಾಂ, ಅಂದರೆ ಲೀಟರಿಗೆ 1 ಮಿಲಿಗ್ರಾಂಗಿಂತ ಚೂರು ಜಾಸ್ತಿ. ಏಳು ಪಾಲು! ಮೈಲುತುತ್ತಿನಲ್ಲಿ ತಾಮ್ರ ಕಾಲು ಭಾಗ, ಹಾಗಾಗಿ ಬರೀ ತಾಮ್ರದ ಲೆಕ್ಕಕ್ಕೆ 0.26. ಅಳಿಯ ಹೇಳಿದ 0.2ಕ್ಕೆ ಹೆಚ್ಚುಕಡಿಮೆ ಹತ್ತಿರವೇ ಆಯಿತು ನೋಡಿ. ಸಮುದ್ರದ ನೀರಿನಲ್ಲಿ ಕ್ಷಾರ, ಸುಣ್ಣ, ಉಪ್ಪು ತುಂಬ ಇರುವುದರಿಂದ ಅಷ್ಟು ತಾಮ್ರವನ್ನು ಮೀನು ತಾಳಿಕೊಳ್ಳುತ್ತದೆ. ನನ್ನ ಕೋರೆಯಲ್ಲಿ ಅದನ್ನು ಹಿಡಿದು ನಿಲ್ಲಿಸುವವರು ಯಾರೂ ಇಲ್ಲ, ನೇರ ಕಿವಿರಿಗೆ. ಮೇಲಿನಿಂದ ನೀರಿನ ಹಸುರು ಪಾಚಿಯೂ ಸತ್ತು, ಬೆಳಗಿನ ಜಾವಕ್ಕೆ ಉಸಿರಾಡುವ ಗಾಳಿಯೂ ಮುಗಿಯಿತು.

ಬಸ್ಸಿನಲ್ಲಿ ಬರುವಾಗ ಬಿ.ಸಿ. ರೋಡಿನವರೆಗೂ ನನಗೆ ಕಣ್ಣಮುಂದೆ ಬಂದದ್ದು ಕತ್ತಿ. ಬೋರ್ಡೋ ತಯಾರಿಸುವಾಗ ನಾವು ಎಂತ ಮಾಡ್ತೇವೆ? 100 ಲೀಟರ್ ನೀರು, 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ. ಕಲಸಿ ಆದ ಮೇಲೆ ಕಬ್ಬಿಣದ ಕತ್ತಿ ಅದ್ದಿ ನೋಡ್ತೇವೆ. ಅಲಗಿನಲ್ಲಿ ತಾಮ್ರದ ಕೆಂಪು ಹಿಡಿದರೆ ಸುಣ್ಣ ಸಾಲದು, ಇನ್ನೂ ಹಾಕಬೇಕು, ಇಲ್ಲದಿದ್ದರೆ ಹಿಂಗಾರ ಸುಡುತ್ತದೆ. ಮೂವತ್ತು ವರ್ಷದಿಂದ ಒಂದು ಬ್ಯಾರಲ್ಲೂ ಕತ್ತಿ ಅದ್ದದೆ ಮೇಲೆ ಕಳಿಸಿದವ ನಾನಲ್ಲ. ಸುಣ್ಣ ಇಲ್ಲದ ತುತ್ತು ಸುಡುತ್ತದೆ ಅಂತ ನನಗೆ ಗೊತ್ತಿಲ್ಲದ್ದೇನೂ ಅಲ್ಲ. ಅಡಿಕೆಗೆ ಗೊತ್ತಿದ್ದದ್ದು ಮೀನಿಗೆ ಗೊತ್ತಾಗಲಿಲ್ಲ.

ಅಂದ ಹಾಗೆ, ಸಿಂಪರಣೆ ಮುಗಿದು ಬ್ಯಾರಲ್, ಪಂಪು ತೊಳೆದ ನೀರು ಕೋರೆಗೆ, ಕೆರೆಗೆ ಹೋಗದ ಹಾಗೆ ನೋಡಿಕೊಳ್ಳಿ. ತೋಟದೊಳಗೆ ಮೀನಿನ ಹೊಂಡ ಇದ್ದವರಿಗೆ ಇದು ಮುಖ್ಯ.

ಇನ್ನು ಉಪ್ಪಿನ ವಿಷಯ. ಅಳಿಯ ಆ ಭಾನುವಾರ ಬೈಕಿನಲ್ಲಿ ಬಂದ. ಮುಖ ಸಣ್ಣ ಮಾಡಿಕೊಂಡೇ ಬಂದ, ಪಾಪ. "ಮಾವ, ನನ್ನ ಮೀನಿನ ಮೈಯಲ್ಲಿ ಹುಳ ಇದ್ದರೆ ಸಿಹಿನೀರಲ್ಲಿ ಮೂರು ನಾಲ್ಕು ನಿಮಿಷ ಅದ್ದುತ್ತೇನೆ. ನಿಮ್ಮ ಮೀನಿಗೆ ಉಪ್ಪುನೀರು. ತಿರುಗಾಮುರುಗಾ" ಅಂದ. ಯಾಕೆ ಅಂತ ಕೇಳಿದ್ದಕ್ಕೆ ಅವನು ಹೇಳಿದ್ದನ್ನು ನಮ್ಮ ಭಾಷೆಯಲ್ಲಿ ಹೇಳುತ್ತೇನೆ. ಉಪ್ಪಡ್ ಪಚ್ಚಿರಿಗೆ ಹಲಸಿನ ಸೊಳೆಗೆ ಉಪ್ಪು ಬೆರೆಸಿ ಭರಣಿಯಲ್ಲಿ ಇಟ್ಟರೆ ಸೊಳೆಯ ನೀರೆಲ್ಲ ಹೊರಗೆ ಬರುತ್ತದೆ. ತಿನ್ನುವ ಮೊದಲು ಅದನ್ನೇ ಬರೀ ನೀರಿನಲ್ಲಿ ಹಾಕಿದರೆ ಉಪ್ಪು ಬಿಟ್ಟು ನೀರು ಕುಡಿದು ಉಬ್ಬುತ್ತದೆ. ಮೀನಿನ ರಕ್ತದಲ್ಲಿ ಉಪ್ಪು ನೂರಕ್ಕೆ ಒಂದರ ಹತ್ತಿರ. ಸಮುದ್ರದಲ್ಲಿ ಮೂರೂವರೆ. ನಮ್ಮ ಕೋರೆಯಲ್ಲಿ ಸೊನ್ನೆ. ಸಮುದ್ರದ ಮೀನಿನ ಚರ್ಮಕ್ಕೆ ಗಾಯವಾದರೆ ಅದು ಭರಣಿಯ ಸೊಳೆಯ ಹಾಗೆ ಮೈಯ ನೀರು ಕಳೆದುಕೊಂಡು ಒಣಗುತ್ತದೆ. ಕೋರೆಯ ಮೀನಿಗೆ ಗಾಯವಾದರೆ ಮೈಯ ಉಪ್ಪು ಸೋರಿ, ನೀರು ಒಳಗೆ ನುಗ್ಗಿ ಉಬ್ಬುತ್ತದೆ. ಗಾಯಕ್ಕಿಂತ ಹೆಚ್ಚು ಈ ಸೋರಿಕೆಯೇ ಕೊಲ್ಲುವುದು. ನೀರಿಗೆ ಚೂರು ಉಪ್ಪು ಹಾಕಿದರೆ ಸೋರಿಕೆ ಕಡಿಮೆ ಆಗಿ, ಗಾಯ ಮಾಯಲಿಕ್ಕೆ ಮೀನಿಗೆ ತ್ರಾಣ ಉಳಿಯುತ್ತದೆ. ಮತ್ತೆ ಈ ಅಫನೊಮೈಸಿಸ್ ಉಪ್ಪು ಜಾಸ್ತಿ ಇದ್ದಲ್ಲಿ ಬೆಳೆಯುವುದೂ ಇಲ್ಲ.

ಇಡೀ ಕೋರೆಗೆ ಉಪ್ಪು ಹಾಕುವ ಮಾತೇ ಇಲ್ಲ. 0.2 ಶೇಕಡಾ ಮಾಡಬೇಕಾದರೂ 480 ಕಿಲೋ ಬೇಕು, ಅದೇ ನೀರು ಅಡಿಕೆ ಬುಡಕ್ಕೆ ಹೋಗುವುದು. ಹಾಗಾಗಿ 500 ಲೀಟರಿನ ಹಳೆ ಸಿಂಟೆಕ್ಸ್ ಟ್ಯಾಂಕನ್ನು ನೆರಳಲ್ಲಿ ಇಟ್ಟು, ಒಂದೂವರೆ ಕಿಲೋ ಕಲ್ಲುಪ್ಪು ಕರಗಿಸಿ ಹಾಕಿ, ಗಾಯ ಸಣ್ಣದಿದ್ದ 9 ಮೀನು ಬಿಟ್ಟೆವು. ಬಿಡುವ ಮೊದಲು 50 ಲೀಟರ್ ನೀರಿಗೆ ಒಂದೂವರೆ ಕಿಲೋ ಉಪ್ಪಿನ ಟಬ್ಬಿನಲ್ಲಿ ಒಂದೆರಡು ನಿಮಿಷ ಮುಳುಗಿಸಿದ್ದು. ಅಲ್ಲಿಂದ ಕಣ್ಣು ತೆಗೆಯಬಾರದು, ಮೀನು ವಾಲಿದ ಕೂಡಲೇ ಎತ್ತಬೇಕು. ಅಳಿಯ ಒದ್ದೆ ಬಟ್ಟೆಯಲ್ಲಿ ಮೀನಿನ ತಲೆ ಮುಚ್ಚಿ ಹಿಡಿದು, ಗಾಯಕ್ಕೆ ಮನುಷ್ಯರಿಗೆ ಹಚ್ಚುವ ಪೊವಿಡೋನ್ ಅಯೋಡಿನ್ ಹತ್ತಿಯಲ್ಲಿ ಒತ್ತಿದ. ಕಿವಿರಿಗೆ, ಕಣ್ಣಿಗೆ ತಾಗಬಾರದು. ದಿನಕ್ಕೆ ಅರ್ಧ ನೀರು ಬದಲು, ತೆಗೆದಷ್ಟು ನೀರಿಗೆ ಅಷ್ಟೇ ಉಪ್ಪು. 9ರಲ್ಲಿ 6 ಉಳಿಯಿತು.

ಕೋರೆಗೆ ಸುಣ್ಣ. ಸುಟ್ಟ ಸುಣ್ಣ ಒಮ್ಮೆಲೇ ಸುರಿದರೆ ಪಿಎಚ್ ಹಾರಿ ಇನ್ನೊಂದು ಅನಾಹುತ, ಅದಕ್ಕೆ ಕೃಷಿ ಸುಣ್ಣ 6 ಕಿಲೋವನ್ನು ಮೂರು ಪಾಲು ಮಾಡಿ, ಮೂರು ದಿನ ಬಿಟ್ಟು ಬಿಟ್ಟು, ಬೆಳಗ್ಗೆ ಕರಡಿ ಎರಚಿದೆ. ಚಿಪ್ಪಿ ಸುಣ್ಣ ಇದ್ದವರು ಹಿಂದಿನ ದಿನವೇ ಅರಳಿಸಿ ತಣಿಸಿ ಹಾಕಬೇಕು. ಭುವನೇಶ್ವರದ ಸಿಹಿನೀರು ಮೀನು ಸಂಶೋಧನಾ ಸಂಸ್ಥೆ ಈ ರೋಗಕ್ಕೆಂದೇ ಸಿಫಾಕ್ಸ್ ಅನ್ನುವ ಮದ್ದು ಮಾಡಿದೆ. ಒಂದು ಮೀಟರ್ ಆಳದ ಒಂದು ಹೆಕ್ಟೇರ್ ನೀರಿಗೆ 1 ಲೀಟರ್. ನನ್ನ ಕೋರೆಗೆ ಲೆಕ್ಕ ಮಾಡಿದರೆ 24 ಮಿಲಿ, ಕೆಮ್ಮಿನ ಔಷಧಿಯ ಮುಚ್ಚಳದಲ್ಲಿ ಎರಡು ಮೂರು ಸಲ. ಈಶಾನ್ಯದ ಕಡೆ ಸುಣ್ಣಕ್ಕೆ ಅರಸಿನ ಸೇರಿಸಿ ಹಾಕುವವರೂ ಇದ್ದಾರೆ. ನಾನು ತಾಮ್ರದ ಮೇಲೆ ಇನ್ನೊಂದು ಮದ್ದು ಹಾಕುವ ಧೈರ್ಯ ಮಾಡಲಿಲ್ಲ, ಸುಣ್ಣದಲ್ಲೇ ನಿಲ್ಲಿಸಿದೆ. ಮೂರು ದಿನ ಆಹಾರ ಬಂದ್.

ಫೆಬ್ರವರಿ ಕೊನೆಗೆ ಬಿಸಿಲು ಜೋರಾದ ಮೇಲೆ ಹೊಸ ಗಾಯ ನಿಂತಿತು. ಹಳೆಯದು ಕಪ್ಪು ಕಲೆಯಾಗಿ ಕೂಡಿತು. ಸುಣ್ಣ ಗುಣ ಮಾಡಿದ್ದು ಅಂತ ನಾನು ಹೇಳಿಕೊಳ್ಳಬಹುದು. ನನ್ನ ಲೆಕ್ಕದಲ್ಲಿ ಅರ್ಧ ಬಿಸಿಲಿನದ್ದೇ ಕೆಲಸ. ನಡುವೆ ಇನ್ನೊಂದು ಇಪ್ಪತ್ತು ಮೀನು ಹೋಗಿತ್ತು.

ಎಲ್ಲ ಗಾಯವೂ ಈ ರೋಗ ಅಲ್ಲ, ಅದೂ ಹೇಳಬೇಕು. ನೀರುಕಾಗೆ ಕುಕ್ಕಿದ್ದಾದರೆ ಬೆನ್ನ ಮೇಲೆ ಇರುತ್ತದೆ, ಒಂದೆರಡು ಮೀನಿಗೆ ಮಾತ್ರ. ಮೀನು ಮೈಯನ್ನು ಕಲ್ಲಿಗೆ ಉಜ್ಜಿ ಉಜ್ಜಿ ಹಾರುತ್ತಿದ್ದರೆ ಹಿಡಿದು ನೋಡಿ, ತೊಗರಿಬೇಳೆಯಷ್ಟು ಚಪ್ಪಟೆಯ, ಗಾಜಿನ ಹಾಗಿನ ಹೇನು ಓಡಾಡುತ್ತಿರುತ್ತದೆ. ಅದರ ಮದ್ದೇ ಬೇರೆ.

ಬಿಸುವಿನ ವಾರ ಮಾರಿದ್ದು ಸುಮಾರು 80 ಕಿಲೋ. ಕಪ್ಪು ಕಲೆ ಇದ್ದದ್ದನ್ನು ಯಾರೂ ತೆಗೆದುಕೊಳ್ಳಲಿಲ್ಲ. ಬಂದ ಹಣದಲ್ಲಿ ಮೊದಲು ಅಕ್ಕನ 6,000 ಬೇರೆ ಇಟ್ಟು, ಉಳಿದದ್ದರ ಅರ್ಧ ಸೇರಿಸಿ ಕೊಂಡುಹೋದೆ. ಅಕ್ಕ ಬೀಡಿ ಎಲೆ ಕತ್ತರಿಸುತ್ತಾ ಇದ್ದವರು ಮೊರ ಬದಿಗಿಟ್ಟು ಎರಡು ಸಲ ಎಣಿಸಿ ಸೆರಗಿಗೆ ಕಟ್ಟಿಕೊಂಡರು. "ಫೀಸಿಗೆ ಸಾಲುವುದಿಲ್ಲ, ಆದ್ರೂ ಆಯ್ತು" ಅಂದರು. ಚಾ ಮಾಡಿ ಕೊಟ್ಟರು. ನಾನು ಇನ್ನು ಅವರು ಸೇರುವುದಿಲ್ಲ ಅಂತಲೇ ಎಣಿಸಿದ್ದೆ. ಜೂನಿನಲ್ಲಿ ಅವರೇ ಬಂದು ಕೇಳಿದರು, ಈ ಸಲ ಮರಿ ಯಾವಾಗ ತರ್ತೀ ಅಂತ. ಜೊತೆಗೆ ಒಂದು ಷರತ್ತು: "ಕೋರೆಗೆ ಎಂತ ಹಾಕುವುದಾದ್ರೂ ನನ್ನ ಎದುರು ಹಾಕಬೇಕು."

ಈ ಸಲ 150 ಮರಿ ಬಿಟ್ಟದ್ದು, ಅದರಲ್ಲಿ ಅರ್ಧ ಕಾಮನ್ ಕಾರ್ಪ್. ತೋಡಿನ ಬದಿಗೆ ಒಂದೂವರೆ ಅಡಿ ಕಟ್ಟ ಏರಿಸಿ ನೀರು ಬರುವ ಬಾಯಿಗೆ ಸಣ್ಣ ಕಣ್ಣಿನ ಬಲೆ ಕಟ್ಟಿದ್ದೇನೆ. ದೀಪಾವಳಿ ಕಳೆದ ಕೂಡಲೇ ಸುಣ್ಣದ ಮೊದಲ ಪಾಲು ಹಾಕಿಯಾಯಿತು, ಅಕ್ಕನ ಎದುರೇ. ನಿನ್ನೆ ಪಿಎಚ್ ನೋಡಿದೆ, 7ಕ್ಕೆ ಚೂರು ಮೇಲೆ.

ಪುಂಜಾಲಕಟ್ಟೆಯವರು ಈ ಆದಿತ್ಯವಾರ ನೋಡಲಿಕ್ಕೆ ಬರುತ್ತೇನೆ ಅಂದಿದ್ದಾರೆ. ಬೇರೆ ಯಾರಾದರೂ ಬರುವುದಾದರೆ ಹತ್ತು ಗಂಟೆಯ ಒಳಗೆ ಬನ್ನಿ, ಬಿಸಿಲೇರಿದರೆ ಮೀನು ಕೆಳಗೆ ಹೋಗುತ್ತದೆ. ನಿಮ್ಮ ಕೋರೆಯ ನೀರು ಒಂದು ಬಾಟಲಿ ತನ್ನಿ. ಬಲೆ ಮಾತ್ರ ತರಬೇಡಿ, ನಮ್ಮದೇ ಉಂಟು, ಬಿಸಿಲಲ್ಲಿ ಒಣಗಿಸಿ ಕೊಟ್ಟಿಗೆಯಲ್ಲಿ ಕಟ್ಟಿಟ್ಟಿದ್ದೇನೆ.